ಹದಿನೇಳು ಅಕ್ಷರಗಳ ಹೊಣೆ

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಈ ಟ್ರಸ್ಟಿನ ನೆರವಿನಿಂದ ಆಟೋಮೊಬೈಲ್ ಡಿಪ್ಲೊಮಾ ಮುಗಿಸಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಕಳೆದ ಮಳೆಗಾಲದಲ್ಲಿ ಅವನನ್ನು ನೋಡಲು ಹೋಗಿದ್ದೆ. ನೀರು ನುಗ್ಗಿದ ಕಾರೊಂದರ ಇಂಜಿನ್ ಕಂಪ್ಯೂಟರ್ ಕೆಟ್ಟು, ಹೊಸದನ್ನು ಕೂರಿಸಿದ್ದರು. "ಇನ್ನು ಇದರೊಳಗೆ ಗಾಡಿಯ ನಂಬರ್ ಬರೆಯಬೇಕು ಸರ್" ಎಂದ. ಅದು ನಂಬರ್ ಪ್ಲೇಟಿನ ಸಂಖ್ಯೆಯಲ್ಲ; ಆರ್‌ಸಿಯಲ್ಲಿ ಚಾಸಿಸ್ ನಂಬರ್ ಎಂದು ಇರುತ್ತದಲ್ಲ, 17 ಅಕ್ಷರ-ಅಂಕಿಗಳ ಆ ಗುರುತು.

ಮೊದಲ 3 ಅಕ್ಷರಗಳು ತಯಾರಕರು ಯಾರೆಂದು ಹೇಳುತ್ತವೆ. 1 ಮತ್ತು 0 ಜೊತೆ ಗೊಂದಲವಾಗಬಾರದೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಅಮೆರಿಕದಲ್ಲಿ 1981ರ ಮಾದರಿಗಳಿಂದ ಈ ಕ್ರಮ ಜಾರಿಯಲ್ಲಿದೆ. ಅಲ್ಲಿ 9ನೆಯ ಸ್ಥಾನದಲ್ಲಿರುವುದು ತಾಳೆ ನೋಡುವ ಅಂಕಿ. ಉಳಿದ ಅಕ್ಷರಗಳಿಗೆ ಬೆಲೆ ಕೊಟ್ಟು, ಗುಣಿಸಿ, ಕೂಡಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಅದು. ಶೇಷ 10 ಆದರೆ ಎಕ್ಸ್ ಎಂದು ಬರೆಯುತ್ತಾರೆ. ಒಂದು ಅಕ್ಷರ ತಪ್ಪಿದರೂ ಲೆಕ್ಕದಲ್ಲಿ ಸಿಕ್ಕಿಬೀಳುವ ಸಂಭವವೇ ಹೆಚ್ಚು. ಎಲ್ಲ ದೇಶಗಳ ಕಾರುಗಳಿಗೂ ಈ ಅನುಕೂಲವಿಲ್ಲ. ಅಲ್ಲಿ ಕೆಲಸಗಾರನ ಕಣ್ಣೇ ಕಾವಲು.

ಹುಡುಗ ಮೊದಲು ಗಾಡಿಯ ಲೋಹದ ಮೇಲೆ ಕೊರೆದಿದ್ದ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ಆರ್‌ಸಿಯೊಂದಿಗೆ ಹೋಲಿಸಿದ. ಬರೆಯುವಾಗ ಮಧ್ಯೆ ಕರೆಂಟು ಕುಸಿದರೆ ಕಂಪ್ಯೂಟರ್ ಕೆಡಬಹುದೆಂದು ಬ್ಯಾಟರಿಗೆ ಚಾರ್ಜರ್ ಜೋಡಿಸಿದ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ, ಇನ್ನೊಬ್ಬನಿಂದ ಒಂದೊಂದೇ ಅಕ್ಷರ ಓದಿಸಿ ಒತ್ತಿದ. ಕೊನೆಗೆ ಕಂಪ್ಯೂಟರಿನಿಂದ ನಂಬರನ್ನು ಮತ್ತೆ ಓದಿಸಿ ಚೀಟಿಯೊಂದಿಗೆ ತಾಳೆ ನೋಡಿದ.

"ಇಷ್ಟೊಂದು ಹುಷಾರು ಯಾಕಪ್ಪಾ?" ಎಂದೆ.

"ಕೆಲವು ಮಾದರಿಗಳಲ್ಲಿ ಒಂದೇ ಸಲ ಬರೆಯಲು ಬಿಡುತ್ತದೆ ಸರ್. ತಪ್ಪಿದರೆ ಓನರ್ ದುಡ್ಡು ಹೋಯಿತು. ಹಳೆ ಗಾಡಿಯಿಂದ ಬಿಚ್ಚಿ ತಂದ ಕಂಪ್ಯೂಟರಾದರೆ ಅದರೊಳಗೆ ಆ ಗಾಡಿಯ ನಂಬರೇ ಇರುತ್ತದೆ. ಬಿಲ್ಲು, ಆರ್‌ಸಿ ನೋಡದೆ ನಾನು ಮುಟ್ಟುವುದಿಲ್ಲ. ಕದ್ದ ಮಾಲಿಗೆ ಹೊಸ ಹೆಸರು ಕೊಟ್ಟಂತಾದರೆ?" ಅಂಥ ಕೆಲಸವನ್ನು ಒಲ್ಲೆನೆಂದು ಗಿರಾಕಿಗಳನ್ನೂ ಕಳೆದುಕೊಂಡಿದ್ದಾನಂತೆ.

ನನಗೆ ನಾಚಿಕೆಯಾಯಿತು. ಕಾರಣ ಹೇಳುತ್ತೇನೆ. ಒಂದನೇ ತರಗತಿಯ ದಾಖಲಾತಿ ಪುಸ್ತಕದಲ್ಲಿ ಇದೇ ಹುಡುಗನ ತಂದೆಯ ಹೆಸರನ್ನು ಒಂದಕ್ಷರ ತಪ್ಪಾಗಿ ಬರೆದವನು ನಾನು. ಅಂಕಪಟ್ಟಿಗೂ ಅದೇ ಹೋಯಿತು. ಡಿಪ್ಲೊಮಾ ಸೇರುವಾಗ ದಾಖಲೆಗಳು ಹೊಂದದೆ ಅರ್ಜಿ ನಿಂತಿತು. ಅವನ ತಾಯಿ ಕೂಲಿ ಬಿಟ್ಟು, ಅಫಿಡವಿಟ್ ಹಿಡಿದು ಕಚೇರಿಗಳಿಗೆ ಅಲೆದರು. ನಾನು ತಾಳೆ ನೋಡಲು ಎರಡು ನಿಮಿಷ ಸಾಕಿತ್ತು.

ಪೋಷಕರೇ, ಈ ವರ್ಷದ ಅರ್ಜಿ ತುಂಬುವ ಮೊದಲು ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಓದು ಬಾರದವರು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ವ್ಯತ್ಯಾಸವಿದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ದಾನಿಗಳೇ, ನೀವು ಕಟ್ಟಿದ ಶುಲ್ಕದಿಂದ ಒಬ್ಬ ಹುಡುಗ ಕೆಲಸ ಕಲಿತ. ಇನ್ನೊಬ್ಬರ ವಸ್ತುವನ್ನು ಅಮಾನತ್ ಎಂದು ನೋಡಿಕೊಳ್ಳುವುದನ್ನೂ ಕಲಿತಿದ್ದಾನೆ. ಅವನ ಮೇಷ್ಟ್ರಾಗಿ ನಿಮಗೆ ಕೈಮುಗಿಯುತ್ತೇನೆ.