ವಂತಿಗೆ ಪಟ್ಟಿಯಲ್ಲಿ ಬರೆಸಿದ ಮಾತು



ದೇವಸ್ಥಾನದ ಜೀರ್ಣೋದ್ಧಾರಕ್ಕೋ ಊರ ಶಾಲೆಯ ಕಟ್ಟಡಕ್ಕೋ ವಂತಿಗೆ ಎತ್ತುವ ಸಭೆಯನ್ನು ನೀವು ನೋಡಿರುತ್ತೀರಿ. ನೋಟ್‌ಬುಕ್ಕು ಕೈಯಿಂದ ಕೈಗೆ ದಾಟುತ್ತಿರುತ್ತದೆ. ಹಿರಿಯರೊಬ್ಬರು ಎದ್ದುನಿಂತು, "ನನ್ನ ಹೆಸರಲ್ಲಿ ಐದು ಸಾವಿರ ಬರ್ಕೊಳ್ಳಿ" ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ದುಡ್ಡು ಮಾತ್ರ ಇನ್ನೂ ಜೇಬಿನಲ್ಲೇ ಇದೆ. ಹಾಗಾದರೆ ಅಲ್ಲಿ ನಡೆದದ್ದೇನು? ಬರೀ ಮಾತೋ, ತೀರಿಸಲೇಬೇಕಾದ ಋಣವೋ?

ಇದೇ ಪ್ರಶ್ನೆ 1886ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಬಂದಿತ್ತು. ಹೌರಾದಲ್ಲಿ ಪುರಭವನ ಕಟ್ಟುವುದಕ್ಕೆಂದು ಗೋರಿ ಮಹಮ್ಮದ್ ಎಂಬವರು 100 ರೂಪಾಯಿ ಬರೆಸಿದ್ದರು. ಪಟ್ಟಿಯಲ್ಲಿದ್ದ ಹೆಸರುಗಳನ್ನು ನಂಬಿ ಮುಂದಾಳುಗಳು ಗುತ್ತಿಗೆದಾರರಿಗೆ ಕೆಲಸ ಒಪ್ಪಿಸಿದರು. ವಂತಿಗೆಯ ಮೊತ್ತ ಏರಿದ ಹಾಗೆ ಕಟ್ಟಡದ ನಕ್ಷೆಯನ್ನೂ ಹಿಗ್ಗಿಸಿದರು. ಗೋರಿ ಮಹಮ್ಮದರು ಮಾತ್ರ ಹಣ ಕೊಡಲಿಲ್ಲ. ಕೊಡಲೇಬೇಕು ಎಂದು ನ್ಯಾಯಾಲಯ ಹೇಳಿತು.

1914ರಲ್ಲಿ ಅಲಹಾಬಾದ್ ಹೈಕೋರ್ಟಿಗೂ ಇಂಥದೇ ವ್ಯಾಜ್ಯ ಹೋಯಿತು. ಮಸೀದಿಯ ಕೆಲಸಕ್ಕೆ 500 ರೂಪಾಯಿ ಕೊಡುತ್ತೇನೆಂದವರು ಕೊಡುವ ಮೊದಲೇ ತೀರಿಕೊಂಡಿದ್ದರು. ಅಲ್ಲಿ ಆ ಮಾತಿನ ಮೇಲೆ ಯಾರೂ ಕೆಲಸ ಶುರು ಮಾಡಿರಲಿಲ್ಲ. ವಾರಸುದಾರರು ಕೊಡಬೇಕಿಲ್ಲ ಎಂದು ತೀರ್ಪಾಯಿತು.

1872ರ ಕರಾರು ಕಾಯ್ದೆಯ ಪ್ರಕಾರ, ಪ್ರತಿಫಲವಿಲ್ಲದ ಬರೀ ಮಾತಿಗೆ ಸಾಮಾನ್ಯವಾಗಿ ಬಲವಿಲ್ಲ. ಆದರೆ ನಾವು ಕೇಳಿಕೊಂಡದ್ದಕ್ಕೆ ಇನ್ನೊಬ್ಬರು ಒಂದು ಹೊಣೆ ಹೊತ್ತರೆ ಅದೇ ಪ್ರತಿಫಲವಾಗುತ್ತದೆ. ಹೌರಾದಲ್ಲಿ ಆದದ್ದು ಇಷ್ಟೇ. ನನಗಿದು ಬಹಳ ದೊಡ್ಡ ವಿಚಾರವಾಗಿ ಕಾಣುತ್ತದೆ. ಕೊಟ್ಟ ಮಾತಿನ ತೂಕ ಗೊತ್ತಾಗಬೇಕಾದರೆ ಹೇಳಿದವರ ಮನಸ್ಸನ್ನಷ್ಟೇ ನೋಡಿದರೆ ಸಾಲದು, ಕೇಳಿಸಿಕೊಂಡವರು ಅದನ್ನು ನಂಬಿ ಏನು ಮಾಡಿದರು ಎಂಬುದನ್ನೂ ನೋಡಬೇಕು.

ಸರ್ಕಾರಕ್ಕೂ ಇದು ತಪ್ಪಿದ್ದಲ್ಲ. ಉತ್ತರ ಪ್ರದೇಶ ಸರ್ಕಾರ ಮೂರು ವರ್ಷ ಮಾರಾಟ ತೆರಿಗೆ ವಿನಾಯಿತಿ ಕೊಡುವುದಾಗಿ ಹೇಳಿದ್ದನ್ನು ನಂಬಿ ಕಂಪನಿಯೊಂದು ಕಾನ್ಪುರದಲ್ಲಿ ವನಸ್ಪತಿ ಕಾರ್ಖಾನೆ ಕಟ್ಟಿತು. ಸರ್ಕಾರ ಮಾತು ಬದಲಿಸಿತು. ನೀವು ನುಡಿದಂತೆ ನಡೆಯಬೇಕು ಎಂದು 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬರೆದವರು ನ್ಯಾಯಮೂರ್ತಿ ಪಿ. ಎನ್. ಭಗವತಿ.

ಆದರೂ ಮಸೀದಿಯ ಪ್ರಕರಣ ನನ್ನನ್ನು ಕಾಡುತ್ತದೆ. 500 ರೂಪಾಯಿ ಬಂದೇ ಬರುತ್ತದೆಂದು ಬೇರೆ ಬಾಗಿಲು ತಟ್ಟದೆ ಯಾರಾದರೂ ಸುಮ್ಮನಿದ್ದರೆ? ಕಾಯುವುದನ್ನು ಕಾನೂನು ಸುಲಭವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. "ನೀನು ಎಲ್ಲೂ ಅಲೀಬೇಡ ಕಣೋ, ನಮ್ಮ ಆಫೀಸಲ್ಲೇ ಹಾಕಿಸ್ತೀನಿ" ಎಂದು ಸೋದರಮಾವ ಹೇಳಿದರೆ, ಹುಡುಗ ಹುಬ್ಬಳ್ಳಿಯಲ್ಲಿ ಸಿಗುತ್ತಿದ್ದ ಸಣ್ಣ ಕೆಲಸವನ್ನು ಬಿಟ್ಟುಬಿಡುತ್ತಾನೆ. ಮಾವ ಕೆಟ್ಟವರೇನಲ್ಲ, ಆ ಗಳಿಗೆಯ ಪ್ರೀತಿಗೆ ಹೇಳಿದ್ದಾರೆ. ಆದರೆ ಹುಡುಗನ ಒಂದು ವರ್ಷ ಹೋಯಿತು. ತನ್ನಿಂದ ಆಗುವುದಿಲ್ಲ ಎಂದು ಗೊತ್ತಾದ ದಿನವೇ ಮಾವ ಒಂದು ಫೋನು ಮಾಡಿದ್ದರೆ ಅರ್ಧ ವರ್ಷವಾದರೂ ಉಳಿಯುತ್ತಿತ್ತು. ಆ ಫೋನು ಮಾಡಲು ನಾಚಿಕೆಯಾಗುತ್ತದೆ, ನಿಜ. ಮಾತು ಕೊಟ್ಟವರ ಹೊಣೆಯಲ್ಲಿ ಅದೂ ಸೇರಿದೆ ಎಂದೇ ನನ್ನ ನಂಬಿಕೆ.

ಬರೀ ಮಾತಿಗೂ ಕಾನೂನು ಬೆಲೆ ಕೊಡುವುದುಂಟು. ಕರಾರು ಕಾಯ್ದೆಯ 25ನೆಯ ಸೆಕ್ಷನ್ನಿನಲ್ಲಿ ನನಗೆ ಇಷ್ಟವಾದ ಒಂದು ಮಾತಿದೆ. ಕೈಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷದ ವಾಯಿದೆ; ಅದು ಮೀರಿದರೆ ಸಾಲ ಕೊಟ್ಟವರು ದಾವೆ ಹೂಡಿ ಗೆಲ್ಲಲಾರರು. ಆದರೆ ಸಾಲಗಾರ ತಾನಾಗಿ, ಆ ಹಣವನ್ನು ಕೊಡುತ್ತೇನೆ ಎಂದು ಬರೆದು ರುಜು ಹಾಕಿದರೆ, ಹೊಸ ಪ್ರತಿಫಲ ಏನೂ ಇಲ್ಲದಿದ್ದರೂ ಕಾನೂನು ಆ ಮಾತನ್ನು ಎತ್ತಿಹಿಡಿಯುತ್ತದೆ.