ಅಧ್ಯಕ್ಷ ಭಾಷಣ: ಕ್ಲಾಕ್ ನಡುಗಬಾರದು



ನಾವು ಸೇರಿರುವ ಬೆಂಗಳೂರಿನ ಜಾಲಹಳ್ಳಿ ಎರಡು ಬಗೆಯ ಕಾಲಜ್ಞಾನವನ್ನು ಕಂಡ ಊರು. 1954ರಲ್ಲಿ ಇಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿತು. ಮುಂದೆ ದೇಶದ ಸೇನೆಗೆ ರೇಡಾರ್ ಕಟ್ಟಿತು. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. ಗಡಿಯಾರಕ್ಕೂ ರೇಡಾರಿಗೂ ಕಾಲ ಬೇಕು. ಆದರೆ ಎರಡಕ್ಕೂ ಬೇಕಾದ ಕಾಲ ಒಂದೇ ಅಲ್ಲ. ಈ ವ್ಯತ್ಯಾಸ ಮರೆತಾಗಲೇ ನಮ್ಮ ಸರ್ಕಿಟ್‌ಗಳು ಕೆಡುತ್ತವೆ.

ಕ್ವಾರ್ಟ್ಜ್ ಕೈಗಡಿಯಾರದ ಕ್ರಿಸ್ಟಲ್ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಮಿಡಿತ ಸಿಗುತ್ತದೆ. ಅದರ ಆವರ್ತನ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೆ ದಿನಕ್ಕೆ ಸುಮಾರು 1.7 ಸೆಕೆಂಡ್ ವ್ಯತ್ಯಾಸ. ಒಂದೊಂದು ಮಿಡಿತ ಅತ್ತಿತ್ತ ಜರುಗಿದರೆ ಗಡಿಯಾರ ಕಟ್ಟಿದವನಿಗೆ ತಿಳಿಯುವುದೇ ಇಲ್ಲ. ರೇಡಾರಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ದಿನದ ಲೆಕ್ಕ ಮುಖ್ಯವಲ್ಲ. ಕಣ್ಣು ಮಿಟುಕಿಸುವುದರೊಳಗಿನ ನಡುಕವೇ ಮುಖ್ಯ. ಆ ನಡುಕವನ್ನೇ ನಾವು ಜಿಟ್ಟರ್ ಎನ್ನುತ್ತೇವೆ. ಆವರ್ತನದ ಲೆಕ್ಕದಲ್ಲಿ ನೋಡಿದರೆ ಫೇಸ್ ನಾಯ್ಸ್.

ಒಂದು ಉದಾಹರಣೆ ನೋಡೋಣ. 10 ಗಿಗಾಹರ್ಟ್ಜ್ ರೇಡಾರಿನತ್ತ ಒಬ್ಬ ಮನುಷ್ಯ ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ನಡೆದು ಬರುತ್ತಿದ್ದಾನೆ. ಅವನಿಂದ ಮರಳುವ ಅಲೆಯ ಡಾಪ್ಲರ್ ವ್ಯತ್ಯಾಸ 100 ಹರ್ಟ್ಜ್. ಅವನ ಹಿಂದಿನ ಗುಡ್ಡ ನೂರಾರು ಪಟ್ಟು ಬಲವಾದ ಪ್ರತಿಧ್ವನಿ ಕೊಡುತ್ತದೆ. ರೇಡಾರಿನ ಅಲೆ ಹುಟ್ಟಿಸುವ ನಮ್ಮ ಆಸಿಲೇಟರಿನಲ್ಲಿ ಮೂಲ ಆವರ್ತನದಿಂದ 100 ಹರ್ಟ್ಜ್ ದೂರದಲ್ಲಿ ನಾಯ್ಸ್ ಇದ್ದರೆ ಗುಡ್ಡದ ಪ್ರತಿಧ್ವನಿ ಅದನ್ನೂ ಹೊತ್ತು ತಂದು ಮನುಷ್ಯನನ್ನು ಮುಚ್ಚಿಬಿಡುತ್ತದೆ. ಹತ್ತಿರದ ಪ್ರತಿಧ್ವನಿಯಲ್ಲಿ ಈ ದೋಷ ಬಹುಮಟ್ಟಿಗೆ ತಾನೇ ಕಳೆದುಹೋಗುತ್ತದೆ; ದೂರ ಹೆಚ್ಚಿದಂತೆ ಕಾಡುತ್ತದೆ.

ಈಗ ನಮ್ಮ ಕರೆಂಟಿನತ್ತ ನೋಡಿ. ಅದು 50 ಹರ್ಟ್ಜ್. ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಏರಿಳಿತ ಸರಿಯಾಗಿ 100 ಹರ್ಟ್ಜ್. ಪವರ್ ಸಪ್ಲೈಯಿಂದ ಅದು ಆಸಿಲೇಟರಿಗೆ ನುಸುಳಿದರೆ ನಾವು ಹುಡುಕುತ್ತಿರುವವನ ಜಾಗದಲ್ಲೇ ಹೋಗಿ ಕೂರುತ್ತದೆ. 10 ಮೆಗಾಹರ್ಟ್ಜ್ ಕ್ರಿಸ್ಟಲನ್ನು ಸಾವಿರ ಪಟ್ಟು ಹೆಚ್ಚಿಸಿ 10 ಗಿಗಾಹರ್ಟ್ಜ್ ಪಡೆದಾಗ ಈ ನಾಯ್ಸ್ ಕೂಡ 60 ಡೆಸಿಬೆಲ್ ಏರುತ್ತದೆ. ಹಾಗಾಗಿ ರೋಗ ಹುಟ್ಟುವಲ್ಲೇ ಮದ್ದು ಕೊಡಬೇಕು.

ಮದ್ದು ಹೊಸದಲ್ಲ, ಶಿಸ್ತು ಬೇಕು ಅಷ್ಟೆ. ಆಸಿಲೇಟರಿಗೆ ತನ್ನದೇ ಆದ, ನಾಯ್ಸ್ ಕಡಿಮೆ ಇರುವ ಲೀನಿಯರ್ ರೆಗ್ಯುಲೇಟರ್ ಇರಲಿ. ಡಿಜಿಟಲ್ ಚಿಪ್‌ಗಳ ಸಪ್ಲೈಯಲ್ಲಿ ಅದಕ್ಕೆ ಪಾಲು ಬೇಡ. ಕ್ಲಾಕ್ ಸಾಗುವ ಗೆರೆಯ ಕೆಳಗೆ ಗ್ರೌಂಡ್ ಪದರ ಎಲ್ಲೂ ಕಡಿದುಹೋಗಬಾರದು. ಅಲೆಯ ಅಂಚು ಕಡಿದಾಗಿರಲಿ: ಅಂಚು ನ್ಯಾನೊಸೆಕೆಂಡಿಗೆ 1 ವೋಲ್ಟ್ ಏರುತ್ತಿದ್ದರೆ 1 ಮಿಲಿವೋಲ್ಟ್ ನಾಯ್ಸ್ 1 ಪಿಕೊಸೆಕೆಂಡ್ ಜಿಟ್ಟರ್ ತರುತ್ತದೆ, ಅರ್ಧ ವೇಗದಲ್ಲಿ ಏರಿದರೆ ಎರಡು. ಒಂದು ಪಿಕೊಸೆಕೆಂಡ್ ಅಲ್ಪವೆಂದು ಕಂಡೀತು. ಆದರೆ 100 ಮೆಗಾಹರ್ಟ್ಜ್ ಸಿಗ್ನಲನ್ನು ಅಳೆಯುವ 14 ಬಿಟ್ ಅನಲಾಗ್-ಡಿಜಿಟಲ್ ಪರಿವರ್ತಕದ ಸಿಗ್ನಲ್-ನಾಯ್ಸ್ ಅನುಪಾತ ಅಷ್ಟರಿಂದಲೇ 64 ಡೆಸಿಬೆಲ್‌ಗೆ, ಎಂದರೆ ಸುಮಾರು 10 ಬಿಟ್‌ಗೆ ಇಳಿಯುತ್ತದೆ. ನಾಲ್ಕು ಬಿಟ್‌ಗೆ ಕೊಟ್ಟ ಹಣ ನೀರುಪಾಲು.

ಔಟ್‌ಪುಟ್ಟನ್ನು ಮೂಲ ಕ್ರಿಸ್ಟಲಿನ ಹೆಜ್ಜೆಗೆ ಕಟ್ಟುವ ಫೇಸ್ ಲಾಕ್ಡ್ ಲೂಪ್ ಎಲ್ಲವನ್ನೂ ಸರಿಪಡಿಸುತ್ತದೆ ಎಂಬ ನಂಬಿಕೆಯೂ ಬೇಡ. ಲೂಪಿನ ಬ್ಯಾಂಡ್‌ವಿಡ್ತ್ ಒಳಗೆ ಮೂಲ ಕ್ರಿಸ್ಟಲಿನ ದೋಷ ಹಾಗೇ ದಾಟುತ್ತದೆ. ಪರಮಾಣು ಗಡಿಯಾರದ ಕಥೆಯೂ ಇದೇ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ. ಅದು ನಮ್ಮೆಲ್ಲರ ಹೆಮ್ಮೆ. ಆದರೆ ರುಬಿಡಿಯಂ ಗಡಿಯಾರದಲ್ಲೂ ಕ್ವಾರ್ಟ್ಜ್ ಕ್ರಿಸ್ಟಲ್ ಇರುತ್ತದೆ. ಪರಮಾಣು ತಿದ್ದುವುದು ನಿಧಾನದ ಜಾರಿಕೆಯನ್ನು. ಕ್ಷಣದೊಳಗಿನ ಸ್ಥಿರತೆ ಕ್ರಿಸ್ಟಲಿನದೇ ಹೊಣೆ.

ನನ್ನ ಮುಖ್ಯ ಮಾತು ಖರೀದಿಗೆ ಸಂಬಂಧಿಸಿದ್ದು. ಡೇಟಾಶೀಟಿನಲ್ಲಿ ಮೆರೆಯುವ ಜಿಟ್ಟರ್ ಸಂಖ್ಯೆ ಸಾಮಾನ್ಯವಾಗಿ 12 ಕಿಲೋಹರ್ಟ್ಜ್‌ನಿಂದ 20 ಮೆಗಾಹರ್ಟ್ಜ್‌ವರೆಗಿನ ಲೆಕ್ಕ. ಅದು ಸಂಪರ್ಕ ಜಾಲಗಳಿಗೆ ಒಗ್ಗಿದ ಅಳತೆ. ನಮ್ಮ 100 ಹರ್ಟ್ಜ್ ಆ ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಸಂಖ್ಯೆ ನೋಡಿ ಕ್ಲಾಕ್ ಕೊಳ್ಳುವುದು ನಿಲ್ಲಬೇಕು.

ಆದ್ದರಿಂದ ನಿಮ್ಮಲ್ಲಿ ಮೂರು ಮನವಿ. ಆರ್ಡರಿನಲ್ಲಿ ನಿಮ್ಮ ಕೆಲಸಕ್ಕೆ ಬೇಕಾದ ಆವರ್ತನ ದೂರದಲ್ಲೇ ಫೇಸ್ ನಾಯ್ಸ್ ಎಷ್ಟಿರಬೇಕೆಂದು ಬರೆಯಿರಿ. ಮೇಜಿನ ಮೇಲಿನ ಅಳತೆಗೆ ತೃಪ್ತರಾಗದೆ, ಪೆಟ್ಟಿಗೆ ಮುಚ್ಚಿ, ಫ್ಯಾನ್ ತಿರುಗುತ್ತಿರುವಾಗ, ಸಪ್ಲೈ ಪೂರ್ಣ ಹೊರೆಯಲ್ಲಿರುವಾಗ ಅಳೆಯಿರಿ. ಕ್ರಿಸ್ಟಲಿಗೆ ಅದುರುವಿಕೆಯೂ ನಾಯ್ಸೇ. ಅಳೆಯುವ ಯಂತ್ರ ದುಬಾರಿ. ದೊಡ್ಡ ಕಾರ್ಖಾನೆಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಅದನ್ನು ಪಕ್ಕದ ಪೀಣ್ಯದ ಸಣ್ಣ ಉದ್ಯಮಗಳಿಗೆ ಬಾಡಿಗೆಗಾದರೂ ಒದಗಿಸಲಿ. ಈ ಸಮಾವೇಶ ಅದಕ್ಕೊಂದು ನಿರ್ಣಯ ಮಾಡಿದರೆ ನಾವು ಇಲ್ಲಿ ಸೇರಿದ್ದು ಸಾರ್ಥಕ.