ಜೋಳಿಗೆಗೆ ನಾವೇನು ಹಾಕೋಣ?



ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಬೇಡಿದ್ದು ಕಾಳು-ಕಾಸನ್ನಲ್ಲ, ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1 ನಮಗೆ ವ್ಯಸನಮುಕ್ತ ದಿನ. ಕುಡಿಯುವವನು ಜೋಳಿಗೆಗೆ ಕುಡಿತ ಹಾಕಬೇಕು, ಸರಿ. ಅವನ ಹೆಂಡತಿ ಏನು ಹಾಕಬೇಕು?

ಗಂಡ ಕುಡಿದು ಮಲಗಿದರೆ 'ಜ್ವರ ಬಂದಿದೆ' ಎಂದು ಸುಳ್ಳು ಹೇಳುತ್ತಾಳೆ. ಅವನ ಸಾಲಕ್ಕೆ ಕಿವಿಯೋಲೆ ಒತ್ತೆಯಿಡುತ್ತಾಳೆ. ಇದನ್ನು ನಾವು ತಾಳ್ಮೆ ಎಂದು ಹೊಗಳುತ್ತೇವೆ. ಕುಡಿತದ ಪೆಟ್ಟು ತಟ್ಟದಂತೆ ಅವಳೇ ಅಡ್ಡ ನಿಂತರೆ ಅವನು ಬಿಡುವುದೇಕೆ? ದಾಸೋಹ ಹಸಿದವನಿಗೆ, ಚಟಕ್ಕಲ್ಲ.

ತಾಯಂದಿರೇ, ಅವನ ಕುಡಿತಕ್ಕೆ ನೀವು ಕಾರಣರಲ್ಲ. ಆ ಸುಳ್ಳನ್ನೂ ನಾಚಿಕೆಯನ್ನೂ ಜೋಳಿಗೆಗೆ ಹಾಕಿ. ವೈದ್ಯರ ನೆರವು ಕೇಳಿ. ಅವನು ಕೈ ಎತ್ತಿದರೆ ಮಕ್ಕಳೊಂದಿಗೆ ಹೊರಗೆ ಬನ್ನಿ.

ಹಾಗೆ ಬಂದವಳನ್ನು 'ಗಂಡನ ಬಿಟ್ಟವಳು' ಎನ್ನುವ ನಮ್ಮ ನಾಲಿಗೆಯ ಚಟವನ್ನು ನಾವು ಜೋಳಿಗೆಗೆ ಹಾಕೋಣ.